ತೋಟ ಜಂಟಿಯಲ್ಲೇ ಇರ್ಲಿ, ಲೆಕ್ಕ ಮಾತ್ರ ಬಿಡಿಸಿ ಇಡಿ

ನಮ್ಮ ಕಾರ್ಕಳ, ಹೆಬ್ರಿ ಕಡೆ ಮೂರ್ನಾಲ್ಕು ಎಕ್ರೆ ಅಡಿಕೆ ತೋಟ, ಒಂದಿಷ್ಟು ಗದ್ದೆ ಇಟ್ಕೊಂಡು ಅಜ್ಜ, ಮಕ್ಕಳು, ಮೊಮ್ಮಕ್ಕಳು ಒಟ್ಟಿಗೆ ದುಡಿಯುವ ಮನೆ ಇನ್ನೂ ಉಂಟು. ಅಂಥಾ ಮನೆಯಲ್ಲಿ ಜಗಳ ಶುರುವಾಗುದು ಹೆಚ್ಚಾಗಿ ಲೆಕ್ಕ ಬರೀ ಬಾಯಲ್ಲೇ ಇದ್ದದ್ದಕ್ಕೆ. ಪಾಲು ಮಾಡದೆ ನಡೆಸ್ಬೇಕು ಅಂತ ಇರುವವರು ಏನೇನು ಸರಿ ಮಾಡ್ಕೊಳ್ಬೇಕು ಅಂತ ಹೇಳ್ತೇನೆ.

ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ ನೋಡಿ. ತೀರಿಹೋದ ಅಜ್ಜನ ಹೆಸರೇ ಇನ್ನೂ ಇದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡ್ಕೊಂಡು ಹೋಗಿ ಪೌತಿ ಖಾತೆ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿ, ಮುಂದಿನ ತಲೆಮಾರಿಗೆ ಬಿಟ್ರೆ ಸಹಿ ಹಾಕ್ಬೇಕಾದವರು ಐದಿದ್ದದ್ದು ಇಪ್ಪತ್ತಾಗ್ತಾರೆ, ಅದ್ರಲ್ಲಿ ಅರ್ಧ ಜನ ದುಬೈ, ಮುಂಬೈ ಅಂತ ಇರ್ತಾರೆ. ಮದುವೆ ಆಗಿ ಹೋದ ಅಕ್ಕ-ತಂಗಿಯರ ಹೆಸರು ಬಿಡುವ ಯೋಚನೆ ಮಾಡ್ಲೇಬೇಡಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲೇ ಉಂಟು, ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ರೂ ಹಕ್ಕು ಹೋಗುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅಳಿಯಸಂತಾನದ (ಆಸ್ತಿ ತಾಯಿಯ ಕಡೆಯಿಂದ ಬರುವ) ಕುಟುಂಬ ಆದ್ರೆ ಯಾವ ಕವರಿಗೆ, ಅಂದ್ರೆ ಕುಟುಂಬದ ಯಾವ ಕವಲಿಗೆ, ಏನು ಬಂದದ್ದು ಅಂತ ಹಳೇ ಪಾಲುಪಟ್ಟಿಯನ್ನು ವಕೀಲರಿಗೆ ತೋರ್ಸಿಯೇ ಮುಂದೆ ಹೋಗಿ.

ಕುಮ್ಕಿ ಜಾಗ (ನಮ್ಮ ಜಾಗಕ್ಕೆ ತಾಗಿ ಇರುವಂಥದ್ದು) ಯಾರ ಪಾಲಿಗೂ ಹಾಕ್ಬೇಡಿ, ಅದು ಸರ್ಕಾರದ್ದು, ನಮಗೆ ಸೊಪ್ಪು, ಕಟ್ಟಿಗೆ ತೆಗೆಯುವ ಸವಲತ್ತು ಮಾತ್ರ. ನಾಗಬನ, ದೈವದ ಗುಡಿ, ಅಲ್ಲಿಗೆ ಹೋಗುವ ದಾರಿ, ಈ ಮೂರೂ ಎಲ್ಲರದ್ದು ಅಂತ ಈಗ್ಲೇ ಬರೆದಿಡಿ, ಯಾಕಂದ್ರೆ ಮುಂದೆ ಎಂದಾದ್ರೂ ಪಾಲಾದ್ರೆ ಗುಡಿ ಒಬ್ಬರ ಕಡೆ, ದಾರಿ ಇನ್ನೊಬ್ಬರ ಕಡೆ ಆಗಿ ತಂಬಿಲಕ್ಕೆ (ನಾಗ, ದೈವದ ಪೂಜೆಗೆ) ಹೋಗುವಾಗ್ಲೂ ಕೇಳಿ ಹೋಗುವ ಪರಿಸ್ಥಿತಿ ಬರ್ತದೆ.

ಇನ್ನು ನೀರು. ಜನವರಿಯಿಂದ ಮಳೆ ಬರುವವರೆಗೆ ಮನೆಯ ಮಾತುಕತೆ ನಿಲ್ಲುದು ಇದ್ರಲ್ಲೇ. "ಸೋಮವಾರ ನಿನ್ನದು, ಮಂಗಳವಾರ ನನ್ನದು" ಅಂತ ದಿನ ಹಂಚಿದ್ರೆ ಆಗುದಿಲ್ಲ, ಸೋಮವಾರ ತ್ರೀ ಫೇಸ್ ಎರಡು ಗಂಟೆ ಬಂದು ಹೋದ್ರೆ ಅವರ ಸಸಿ ಒಣಗ್ತದೆ. ಕರೆಂಟ್ ಇದ್ದ ಗಂಟೆ ಲೆಕ್ಕದಲ್ಲಿ ಹಂಚಿ: ಒಂದು ಭಾಗಕ್ಕೆ ಆರು ಗಂಟೆ ಸ್ಪ್ರಿಂಕ್ಲರ್ ಅಂದ್ರೆ ಆರು ಗಂಟೆ ಮುಗಿಯುವವರೆಗೆ ಸರದಿ ಅವರದ್ದೇ, ಮರುದಿನಕ್ಕೆ ಹೋದ್ರೂ ಸರಿ. ಪಂಪ್‌ಶೆಡ್ಡಿನ ಗೋಡೆಗೆ ಒಂದು ಪುಸ್ತಕ, ದಾರ ಕಟ್ಟಿದ ಪೆನ್ನು ತೂಗುಹಾಕಿ, ಸ್ಟಾರ್ಟ್ ಮಾಡಿದ ಹೊತ್ತು, ಬಂದ್ ಆದ ಹೊತ್ತು, ಯಾರು, ಅಷ್ಟೇ ಬರೆದ್ರೆ ಸಾಕು. ತೋಡಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಕಟ್ಟುವ ದಿನ ಮಾತ್ರ ಎಲ್ಲರೂ ಇರ್ಬೇಕು, ದುಡ್ಡು ಕೊಟ್ಟು ತಪ್ಪಿಸ್ಕೊಳ್ಳುದು ಬೇಡ ಅಂತ ನನ್ನ ಅಭಿಪ್ರಾಯ.

ಸಂಬಳ ಬರೆಯುವಾಗ ಮನೆಯವರದ್ದೂ ಬರೀರಿ. ಹೊರಗಿನ ಆಳಿಗೆ ಎಷ್ಟು ಕೊಡ್ತೇವೋ ಅದೇ ರೇಟಲ್ಲಿ ತಮ್ಮನ ಹೆಸರಿಗೂ ಹಾಕಿ. ಅತ್ತಿಗೆಯವರು ಬೆಳಿಗ್ಗೆ ಉದುರಡಿಕೆ ಹೆಕ್ಕುದು, ಅಂಗಳದಲ್ಲಿ ಹರಡಿದ ಅಡಿಕೆ ಮಗುಚುದು, ಆಳುಗಳಿಗೆ ಅಡಿಗೆ ಮಾಡುದು, ಇದು ಯಾವ ಮನೆಯ ಪುಸ್ತಕದಲ್ಲೂ ಕಾಣುದೇ ಇಲ್ಲ, ಅದನ್ನೂ ಹಾಕಿ. ಬೆಂಗಳೂರಲ್ಲಿರುವ ಮಗ ಬೋರ್‌ವೆಲ್‌ಗೆ ದುಡ್ಡು ಕಳಿಸಿದ್ರೆ ಅದು ಸಾಲವಾ, ಮನೆಗೆ ಕೊಟ್ಟದ್ದಾ ಅಂತ ಆ ದಿನವೇ ಬರೆಸ್ಕೊಳ್ಳಿ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸುದು ಜಂಟಿಯಾಗಿಯೇ ಮಾಡಿ, ಒಂದು ಭಾಗ ಬಿಟ್ರೆ ರೋಗ ಅಲ್ಲಿಂದ್ಲೇ ಹರಡ್ತದೆ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲೇ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ತಾ ತಿರುಗಿಸ್ಬೇಕು. ಆಮೇಲೆ ಕತ್ತಿಯ ಅಲಗು ಅದ್ದಿ ನೋಡಿ, ಕೆಂಪು ಹಿಡಿದ್ರೆ ಸುಣ್ಣ ಕಡಿಮೆ ಆಗಿದೆ, ಇನ್ನೂ ಹಾಕಿ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ. ಕಲಿಯಲು ಮನಸ್ಸಿರುವ ಹುಡುಗನ ಕೈಗೆ ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಮದ್ದು ಬಿಡುವ ಉದ್ದ ಕೋಲು) ಕೊಡಿ, ಮರ ಹತ್ತುವವರಿಗೆ ಕಾದು ಕಾದು ಮಳೆ ಬಂದ್ರೆ ಆ ವರ್ಷದ ಫಸಲು ಹೋಯ್ತು.

ಅಡಿಕೆ ಯಾವಾಗ ಮಾರುದು ಅನ್ನುದೇ ದೊಡ್ಡ ಕಿರಿಕಿರಿ. ಒಬ್ಬರಿಗೆ ಜೂನಲ್ಲಿ ಮಗಳ ಫೀಸ್ ಕಟ್ಟಲಿಕ್ಕುಂಟು, ಇನ್ನೊಬ್ಬರಿಗೆ ಹಳೆ ಅಡಿಕೆ ಆಗುವವರೆಗೆ ಇಟ್ಟು ಒಳ್ಳೆ ರೇಟಿಗೆ ಕೊಡ್ಬೇಕು ಅಂತ. ಇಬ್ಬರದ್ದೂ ಸರಿಯೇ. ಅದಕ್ಕೆ ದುಡ್ಡು ಹಂಚ್ಬೇಡಿ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಂಚಿ. ಸುಲಿದು, ಪಟೋರ, ಕೋಕ, ಉಳ್ಳಿ ಅಂತ ಕಡಿಮೆ ರೇಟಿನದ್ದನ್ನು ಬೇರೆ ಮಾಡಿ, ಎಲ್ಲರೆದುರು ತೂಕ ಹಾಕಿ, ಜಂಟಿ ಖರ್ಚಿಗೆ ಬೇಕಾದ ಗೋಣಿ ಮೊದಲು ತೆಗೆದಿಟ್ಟು, ಉಳಿದದ್ದರ ಮೇಲೆ ಹೆಸರು ಬರೀರಿ. ಯಾವಾಗ ಬೇಕಾದ್ರೂ ಅವರವರು ಕ್ಯಾಂಪ್ಕೋಗೋ (ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ) ಸಾಹುಕಾರರಿಗೋ ಕೊಡ್ಲಿ.

ಅಜ್ಜ-ಅಜ್ಜಿಗೆ ತೆಂಗಿನಕಾಯಿಯ ದುಡ್ಡು ಅಂತ ಏನಾದ್ರೂ ಒಂದು ಬೇರೆಯೇ ಬಿಡಿ, ಔಷಧಿಗೆ ಮಕ್ಕಳ ಹತ್ರ ಕೇಳುವ ಹಾಗೆ ಆಗ್ಬಾರ್ದು.

ವರ್ಷದ ಲೆಕ್ಕಕ್ಕೆ ಪತ್ತನಾಜೆ ಹೊತ್ತು, ಅಂದ್ರೆ ಮೇ ಕೊನೆಯ ವಾರದ ಸುಮಾರಿಗೆ, ಒಳ್ಳೆದು. ಕೊಯ್ಲು ಮುಗಿದಿರ್ತದೆ, ಮದ್ದಿನ ಕೆಲಸ ಹಿಡಿದಿರುದಿಲ್ಲ, ರಜೆಯಲ್ಲಿ ಮಕ್ಕಳೂ ಊರಲ್ಲಿರ್ತಾರೆ. ಪಂಪ್ ಪುಸ್ತಕ, ಸಂಬಳದ ಪುಸ್ತಕ, ಸೊಸೈಟಿ ಸಾಲದ ಪಾಸ್‌ಬುಕ್ ಮೂರೂ ಚಾವಡಿಗೆ ತನ್ನಿ, ಓದಿ ಹೇಳುದು ಮನೆಯ ಕಿರಿಯರು ಯಾರಾದ್ರೂ ಮಾಡ್ಲಿ, ಹೆಂಗಸರದ್ದೂ ಸೇರಿ ಎಲ್ಲರ ಸಹಿ ಹಾಕ್ಸಿ, ಫೋಟೋ ತೆಗೆದು ಊರಲ್ಲಿಲ್ಲದವರಿಗೆ ವಾಟ್ಸಾಪ್ ಮಾಡಿ, ಅವರು "ನೋಡಿದೆ" ಅಂತ ಉತ್ತರ ಹಾಕಿದ ಮೇಲೆಯೇ ಆ ವರ್ಷದ ಪುಟ ಮುಚ್ಚಿ.