ಕೊರಾನ್ ದೋಣಿಯಲ್ಲಿ ಸಿಕ್ಕ ಸ್ಟ್ರಾತ್‌ಸ್ಪೇ: ನನ್ನ ಅನುಭವ

ಬೆಟ್ಟ, ಮಂಜು, ಸರೋವರ ನೋಡಿ ಪಿಟೀಲಿಗೆ ಸ್ಕಾಟಿಷ್ ಟ್ಯೂನ್ ಕಟ್ಟುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಅದಕ್ಕೂ ಮೊದಲು ಮೂವತ್ತರ ಮೇಲೆ ಕಟ್ಟಿದ್ದೆ. ಎಡಿನ್‌ಬರೋದ ಸೆಷನ್‌ಗಳಲ್ಲಿ, ಅಂದರೆ ಎಲ್ಲರೂ ಸೇರಿ ನುಡಿಸುವ ಕೂಟಗಳಲ್ಲಿ, ಅವುಗಳಲ್ಲಿ ಒಂದನ್ನೂ ಇನ್ನೊಬ್ಬರು ಎತ್ತಿಕೊಳ್ಳಲಿಲ್ಲ. ರನ್ನೋಕ್ ಮೂರ್ ಎಂಬ ಜೌಗು ಬಯಲಿನ ಬಗ್ಗೆ ಕಟ್ಟಿದ ಸ್ಲೋ ಏರ್ (ನಿಧಾನ ಗತಿಯ ಟ್ಯೂನ್) ನುಡಿಸಿದ ದಿನ ಪಕ್ಕದ ಪಿಟೀಲಿನವರು "ಚೆನ್ನಾಗಿದೆ, ಆದರೆ ಇದು ನಿಮ್ಮೂರಿನದು" ಅಂದರು. ನಿಜವೇ. ಐದೇ ಸ್ವರ, ಲೆಕ್ಕವೂ ಸರಿ. ಆದರೆ ಮೈಸೂರಿನಲ್ಲಿ ವರ್ಷಗಟ್ಟಲೆ ಮೋಹನ ರಾಗ ನುಡಿಸಿದ ಬೆರಳು ಗಾಂಧಾರವನ್ನು ತಾನಾಗಿಯೇ ಗಮಕದಿಂದ ಅಲುಗಿಸುತ್ತಿತ್ತು.

ದುಡ್ಡೂ ಹೋಯಿತು. ಇಪ್ಪತ್ತು ಟ್ಯೂನ್‌ಗಳ ಪುಸ್ತಕಕ್ಕೆ ಸುಮಾರು 600 ಪೌಂಡ್ ಹಾಕಿದೆ. ಮೂವತ್ತು ಪ್ರತಿ ಮಾರಿರಬೇಕು. ಉಳಿದವು ಈಗಲೂ ಮಂಚದ ಕೆಳಗಿವೆ.

ದಾರಿ ಕಂಡದ್ದು ಕೊರಾನ್ ದೋಣಿಯಲ್ಲಿ. ಸ್ಕಾಟ್ಲೆಂಡಿನ ಲೋಖ್ ಲಿನ್ನಿ ಎಂಬ ಕಡಲ ಚಾಚಿನ ಕಿರಿದಾದ ಜಾಗವನ್ನು ಕಾರುಗಳ ಸಮೇತ ಐದೇ ನಿಮಿಷದಲ್ಲಿ ದಾಟಿಸಿ ಎದುರು ದಡದ ಆರ್ಡ್‌ಗೌರ್ ಕಡೆ ಬಿಡುತ್ತದಲ್ಲ, ಅದೇ. ಮುಂದಿನ ಕಾರು ಕಬ್ಬಿಣದ ರ‍್ಯಾಂಪ್ ಹತ್ತಿತು. ಗಿಡ್ಡದೊಂದು ಪೆಟ್ಟು, ಬೆನ್ನಿಗೇ ಉದ್ದನೆಯ ಮೊಳಗು: ತ-ಕಾಂ. ಸ್ಟ್ರಾತ್‌ಸ್ಪೇ ಎಂಬ ಸ್ಕಾಟಿಷ್ ಕುಣಿತದ ಟ್ಯೂನ್‌ಗೆ ಜೀವಾಳವಾದ ಲಯ, ಸ್ಕಾಚ್ ಸ್ನ್ಯಾಪ್! ಸ್ವರಲಿಪಿಯಲ್ಲಿ ಎಷ್ಟೋ ಸಲ ಬರೆದಿದ್ದೆ, ಮೈಗೆ ಹತ್ತಿದ್ದು ಆವತ್ತು.

ಮೂರು ದಿನ ಪಿಟೀಲು ಮುಟ್ಟಲಿಲ್ಲ. ನಡೆಯುವಾಗ, ಪಾತ್ರೆ ತೊಳೆಯುವಾಗ ಬರೀ ಕೊನ್ನಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಜನರು ವಾದ್ಯವಿಲ್ಲದೆ ಬಾಯಲ್ಲೇ ಟ್ಯೂನ್ ಹಾಡಿ ಕುಣಿಸುತ್ತಿದ್ದರಲ್ಲ, ನಾಲಿಗೆಗೆ ಒಗ್ಗದ್ದು ಕಾಲಿಗೂ ಒಗ್ಗುವುದಿಲ್ಲ ಎಂದು ಅದರಿಂದಲೇ ನನಗೆ ಹೊಳೆದದ್ದು. ಆಮೇಲೆ ಬ್ಯಾಗ್‌ಪೈಪಿನ ಒಂಬತ್ತು ಸ್ವರಗಳ ಬೇಲಿಯೊಳಗೇ ಕೂತು, ಷಡ್ಜದಿಂದ ಒಂದು ಮೆಟ್ಟಿಲು ಕೆಳಗಿಳಿದು ಕೈಶಿಕಿ ನಿಷಾದದ ಮೇಲೆ ನಿಂತು ಮತ್ತೆ ಹತ್ತುವುದು. ಸದ್ದಿನಿಂದ ಮೊದಲ ಸ್ವರವನ್ನು ಹೇಗೆ ಆರಿಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ.

ನಡುವೆ ಶ್ರುತಿಯ ಪ್ರಯೋಗವೂ ನಡೆಯಿತು. ಹಳೆಯ ಸ್ಕಾಟಿಷ್ ಪಿಟೀಲಿನವರು ಕೆಲವು ರೀಲ್‌ಗಳಿಗೆ (ವೇಗದ ಕುಣಿತದ ಟ್ಯೂನ್) ತಂತಿಗಳನ್ನು ಎ-ಇ-ಎ-ಇ ಎಂದು ಕಟ್ಟುತ್ತಿದ್ದರು. ಅಂದರೆ ನಮ್ಮ ಸ-ಪ-ಸ-ಪ! ಹಾಗೆ ಕಟ್ಟಿದರೆ ಪಿಟೀಲು ಪೈಪಿನಂತೆ ಮೊಳಗುತ್ತದೆ, ಆದರೆ ಗಮಕದ ಆಸೆಯೂ ಬೇಗ ಮರಳಿ ಬರುತ್ತದೆ. ಎರಡು ತಂತಿ ಕಿತ್ತವು. ರೀಲ್‌ಗೆ ಮಾತ್ರ ಉಳಿಸಿಕೊಂಡಿದ್ದೇನೆ.

ಸದ್ದಿನಿಂದ ಟ್ಯೂನ್ ಹುಟ್ಟದು, ಮನುಷ್ಯರಿಂದ ಹುಟ್ಟಬೇಕು ಎಂದು ಬಹಳ ಜನ ವಾದಿಸಿದರು. ಹದಿನೆಂಟನೇ ಶತಮಾನದ ಹೆಸರಾಂತ ಸ್ಕಾಟಿಷ್ ಪಿಟೀಲುವಾದಕ ನೀಲ್ ಗೋ ತನ್ನ ಎರಡನೇ ಹೆಂಡತಿ ಸತ್ತಾಗ ಕಟ್ಟಿದ ಶೋಕಗೀತವನ್ನು ಮುಂದಿಟ್ಟರು. ಇನ್ನೂರು ವರ್ಷ ದಾಟಿದರೂ ಅದು ಎದೆ ಹಿಂಡುತ್ತದೆ, ಒಪ್ಪುತ್ತೇನೆ. ಆದರೆ ಸದ್ದಿನಲ್ಲೂ ಮನುಷ್ಯರಿರುತ್ತಾರೆ. ಈಗ ಮದುವೆಗೆ ಟ್ಯೂನ್ ಕೇಳಿ ಬಂದವರ ಪ್ರೇಮಕಥೆಯನ್ನು ನಾನು ಕೇಳುವುದಿಲ್ಲ. ಮನೆಯ ಎರಡು ನಿಮಿಷದ ಸದ್ದು ರೆಕಾರ್ಡ್ ಮಾಡಿ ತನ್ನಿ ಎನ್ನುತ್ತೇನೆ. ಒಬ್ಬಳು ಅಜ್ಜನ ಹೊಲದ ಗೇಟು ತಂದಳು. ಅದರಿಂದ ಆರು-ಎಂಟರ ತಾಳದ ಮಾರ್ಚ್ (ನಡಿಗೆಯ ಟ್ಯೂನ್) ಬಂತು. 120 ಪೌಂಡ್ ಕೊಟ್ಟರು, ಅಜ್ಜ ಕೈ ಹಿಡಿದು ಬಿಡಲಿಲ್ಲ. ಇಂಥವು ಒಂಬತ್ತೋ ಹತ್ತೋ ಆಗಿವೆ; ಪುಸ್ತಕದ ಸಾಲ ತೀರಿದೆ.

ದೋಣಿಯ ಸ್ಟ್ರಾತ್‌ಸ್ಪೇಯನ್ನು ಕಳೆದ ಚಳಿಗಾಲ ಪರ್ತ್‌ನ ಒಂದು ಪಬ್‌ನಲ್ಲಿ ಕೇಳಿದೆ. ನುಡಿಸಿದ ಹುಡುಗಿಯ ಪರಿಚಯ ನನಗಿಲ್ಲ, ಯಾರದೆಂದು ಅವಳಿಗೂ ಗೊತ್ತಿರಲಿಲ್ಲ. ಎರಡನೇ ಭಾಗದ ಆರನೇ ಆವರ್ತದಲ್ಲಿ ನಾನು ಬರೆದದ್ದನ್ನು ಬಿಟ್ಟು ಮೇಲಿನ ಪಂಚಮಕ್ಕೆ ನೆಗೆದಳು. ಈಗ ನಾನೂ ಹಾಗೇ ನುಡಿಸುತ್ತೇನೆ.