ಹಳೇ ಕಾಫಿ ಗೋದಾಮಿನಲ್ಲಿ ಅಡುಗೆ ಶಾಲೆ ಶುರು ಮಾಡುವುದು ಹೇಗೆ

ಕೊಡಗಿನ ಗೋಣಿಕೊಪ್ಪದ ಹತ್ತಿರ, ನಮ್ಮ ಮನೆಯ ಹಳೇ ಕಾಫಿ ಗೋದಾಮಿನಲ್ಲಿ ನಾನು ಅಡುಗೆ ಕಲಿಸುತ್ತೇನೆ. ಈಗ ತುಂಬಾ ಜನ ಕೇಳುತ್ತಾರೆ: ನಮ್ಮದೂ ಒಂದು ಗೋದಾಮು ಖಾಲಿ ಬಿದ್ದಿದೆ, ಏನಾದರೂ ಮಾಡಬಹುದಾ? ಮಾಡಬಹುದು. ಆದರೆ ಒಲೆ ತರುವ ಮೊದಲು ಆ ಕಟ್ಟಡವನ್ನು ಯಾಕೆ ಕಟ್ಟಿದ್ದರು ಅಂತ ನೋಡಿಕೊಳ್ಳಿ.

ನನಗೆ ದೊಡ್ಡ ಮಾದರಿ ಅಂದರೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಗ್ರೇಸ್ಟೋನ್. ಸೇಂಟ್ ಹೆಲೆನಾ ಊರಲ್ಲಿರುವ ಈ ಕಲ್ಲಿನ ಕಟ್ಟಡ 1889ರ ಹೊತ್ತಿಗೆ ವೈನ್ ಮಾಡಿ ಇಡಲು ಎದ್ದದ್ದು. ಗುಡ್ಡದ ಇಳಿಜಾರಿಗೆ ಸೇರಿಸಿ ಕಟ್ಟಿದ್ದರು. ದ್ರಾಕ್ಷಿ ಮೇಲಿನ ಮಹಡಿಗೆ ಬರುತ್ತಿತ್ತು, ರಸ ತಾನಾಗಿಯೇ ಕೆಳಕ್ಕೆ ಇಳಿಯುತ್ತಿತ್ತು. ಆಮೇಲೆ ಬಳ್ಳಿಯ ಬೇರಿಗೆ ಫಿಲಾಕ್ಸೆರಾ ಕೀಟ ಬಿದ್ದು ಆ ಕಡೆಯ ತೋಟಗಳೇ ಹಾಳಾದವು, ಕಟ್ಟಡ ಕೈ ಬದಲಾಯಿಸುತ್ತಾ ಹೋಯಿತು. 1995ರಿಂದ ಅಲ್ಲಿ ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಎಂಬ ಅಡುಗೆ ಕಾಲೇಜಿನ ಶಾಖೆ ನಡೆಯುತ್ತಿದೆ. ಹಳೇ ಗೋಡೆ ಕೆಡವಲಿಲ್ಲ, ಭೂಕಂಪ ತಡೆಯುವಂತೆ ಗಟ್ಟಿ ಮಾಡಿಕೊಂಡರು. ಮೊದಲು ಕಟ್ಟಡ, ಆಮೇಲೆ ಅಡುಗೆಮನೆ. ನಮಗೂ ಇದೇ ಕ್ರಮ ಸರಿ.

ವೈನ್ ಕಟ್ಟಡ ತಂಪು ಹಿಡಿದಿಡಲು ಕಟ್ಟಿದ್ದು, ನಮ್ಮ ಗೋದಾಮು ಕಾಫಿಯನ್ನು ಒಣಗಿದ ಹಾಗೇ ಇಡಲು. ಎರಡಕ್ಕೂ ದಪ್ಪ ಗೋಡೆ, ಸಣ್ಣ ಕಿಟಕಿ. ಅಡುಗೆ ಅಂದರೆ ಬಿಸಿ ಮತ್ತು ಹಬೆ. ಅಂದರೆ ಕಟ್ಟಡದ ಸ್ವಭಾವಕ್ಕೆ ಪೂರ್ತಿ ಉಲ್ಟಾ ಕೆಲಸ ಅಲ್ವಾ? ಅದಕ್ಕೇ ನಿಮ್ಮ ಮೊದಲ ಖರ್ಚು ಗಾಳಿಗೆ ಹೋಗಲಿ. ಒಲೆಯ ಮೇಲೆ ಹೊಗೆ, ಹಬೆ ಹಿಡಿಯುವ ಹುಡ್, ಜೋರಾದ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯ ಕೆಳಭಾಗದಲ್ಲಿ ಹೊರಗಿನ ಗಾಳಿ ಬರಲು ಜಾಲರಿ. ಗಾಳಿ ಒಳಗೆ ಬರದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಅಷ್ಟೇ.

ಗೋಡೆಗೆ ಹಳೇ ಸುಣ್ಣದ ಗಾರೆ ಇದ್ದರೆ ದಯವಿಟ್ಟು ಕೆತ್ತಿ ಸಿಮೆಂಟ್ ಬಳಿಯಬೇಡಿ. ಸುಣ್ಣದ ಗೋಡೆ ತೇವ ಎಳೆದುಕೊಂಡು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಕೊಡಗಿನ ಜೂನ್, ಜುಲೈ ಮಳೆಯಲ್ಲಿ ಅಂಥ ಗೋಡೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ತೊಳೆಯುವ ಜಾಗಕ್ಕೆ ಮಾತ್ರ ಟೈಲ್ಸ್ ಸಾಕು. ಹೆಂಚು, ತೊಲೆ, ಗೆದ್ದಲು ಇವನ್ನು ಬಡಗಿಯಿಂದ ನೋಡಿಸಿ.

ಗ್ಯಾಸ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. 19 ಕೆ.ಜಿ. ಸಿಲಿಂಡರ್ ಹೊರಗೆ, ಗಾಳಿ ಆಡುವ ಜಾಗದಲ್ಲೇ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹೋಗಿ ನಿಲ್ಲುತ್ತದೆ. ಗೋದಾಮಿಗೆ ನೆಲಮಾಳಿಗೆ ಇದ್ದರೆ ಅಲ್ಲಿ ಎಂದೂ ಇಡಬೇಡಿ. ಫುಡ್ ಸೇಫ್ಟಿ ನೋಂದಣಿ, ಪಂಚಾಯಿತಿ ಲೈಸೆನ್ಸ್ ಮೊದಲೇ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಆ ಕಟ್ಟಡದ ಒಂದು ಮೂಲೆಯಲ್ಲೂ ಕಾಫಿ ಚೀಲ ಉಳಿಸಬೇಡಿ. ಕಾಫಿ ಬೀಜ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಪಂದಿಕರಿಗೆ (ನಮ್ಮ ಹಂದಿ ಮಾಂಸದ ಸಾರಿಗೆ) ಮಸಾಲೆ ಹುರಿದರೆ ಆ ಕಾಫಿಯ ಗತಿ ಏನು!

ಮೊದಲ ಪಾಠಕ್ಕೆ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆ, ಇಟ್ಟುಕೊಳ್ಳಿ. ಸಾಮಾನು ಕಡಿಮೆ, ಆದರೆ ಕೈ ಕಲಿಯಬೇಕು. ಉಪ್ಪು ಹಾಕಿ ಕುದಿಸಿದ ನೀರಿಗೆ ಅಕ್ಕಿ ತರಿ ಸುರಿದು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಪೂರ್ತಿ ಆರಿದರೆ ಉಂಡೆ ಬಿರುಕು ಬಿಡುತ್ತದೆ. ಅಂಗೈ ಒದ್ದೆ ಮಾಡಿಕೊಂಡು, ಮೈ ನುಣ್ಣಗಾಗುವವರೆಗೆ ಉರುಟಿ, ಹಬೆಯಲ್ಲಿ ಇಡಿ. ಹೊಸಬರು ಮೇಲೆ ಮೇಲೆ ಉರುಟಿ ಬಿಟ್ಟುಬಿಡುತ್ತಾರೆ. ಅವರ ಕೈ ಹಿಡಿದು ಒತ್ತಡ ಎಷ್ಟು ಅಂತ ತೋರಿಸಿ, ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ನಮ್ಮ ಅತ್ತೆ ನನಗೂ ಹಾಗೇ ಕಲಿಸಿದ್ದು.

ಮಳೆಗಾಲಕ್ಕೆ ಕಾಚಂಪುಳಿ ಪಾಠ, ಅಂದರೆ ಅಡುಗೆಗೆ ಹಾಕುವ ಕಪ್ಪು ಹುಳಿರಸ. ಹಣ್ಣಾಗಿ ಉದುರಿದ ಪಣಪುಳಿ ಎಂಬ ಹುಳಿ ಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಕಪ್ಪಗೆ ಮಂದವಾಗುವ ತನಕ ಕಾಯಿಸಬೇಕು. ಹುಳಿ ಜಾಸ್ತಿ, ಅಲ್ಯೂಮಿನಿಯಂ ಪಾತ್ರೆ ಬೇಡ. ಮಣ್ಣಿನದೋ ಸ್ಟೀಲಿನದೋ ಇರಲಿ. ನಿಮ್ಮ ಎಕ್ಸಾಸ್ಟಿಗೆ ನಿಜವಾದ ಪರೀಕ್ಷೆ ಅವತ್ತೇ. ಆ ಘಾಟಿಗೆ ಕಣ್ಣುರಿ ಬಂದರೆ ಇನ್ನೊಂದು ಫ್ಯಾನ್ ಹಾಕಿಸಿ. ಕಣಿಲೆ (ಎಳೆ ಬಿದಿರು) ಕಲಿಸುವುದಾದರೆ ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಇದ್ದು, ಬೇಯಿಸಿ ಬಸಿದ ಮೇಲೇ ಪಲ್ಯಕ್ಕೆ ಬಳಸಿ. ಹಸಿ ಕಣಿಲೆಯಲ್ಲಿ ವಿಷದ ಅಂಶ ಇದೆ, ಅದನ್ನು ಎಲ್ಲರಿಗೂ ಬಿಡಿಸಿ ಹೇಳಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಕ್ಲಾಸ್ ಕಡಿಮೆ ಮಾಡಿ. ಕಾಫಿ ಕೊಯ್ಲಿನ ಸಮಯ, ಕೆಲಸದವರು ಸಿಗುವುದಿಲ್ಲ. ಕಣದ ತುಂಬ ಕಾಫಿ ಹರಡಿರುವಾಗ ಬಂದವರ ಕಾರು ನಿಲ್ಲಿಸಲೂ ಜಾಗ ಇರುವುದಿಲ್ಲ.