ಕಣಜದ ಗೂಡಿನ ಪಕ್ಕದಲ್ಲಿ ಸಂಸಾರ ಹೂಡಿದ ನೀಲಿ ಹಕ್ಕಿ

ಕೀನ್ಯಾದ ಮಚಾಕೋಸ್ ಪಟ್ಟಣದ ಹೊರವಲಯದಲ್ಲಿರುವ ನಮ್ಮ ಬಾಡಿಗೆ ಮನೆಯ ಹಿಂದೆ, ಜಾಲಿಯ ಜಾತಿಯ ಮುಳ್ಳುಮರಗಳೂ ಎತ್ತರದ ಹುಲ್ಲೂ ಬೆರೆತ ಬಯಲೊಂದಿದೆ. ಅಲ್ಲಿ ನಾನು ಎರಡು ಮಳೆಗಾಲ ಗಮನಿಸಿದ ಹಕ್ಕಿಯನ್ನು ಇಂಗ್ಲಿಷಿನಲ್ಲಿ ರೆಡ್-ಚೀಕ್ಡ್ ಕಾರ್ಡನ್-ಬ್ಲೂ ಎನ್ನುತ್ತಾರೆ. ಸುಮಾರು 13 ಸೆಂ.ಮೀ. ಉದ್ದದ, 10 ಗ್ರಾಂ ತೂಗುವ ಈ ಹಕ್ಕಿಯ ಬೆನ್ನು ಕಂದು, ಎದೆ ಮತ್ತು ಬಾಲ ತಿಳಿನೀಲಿ. ಗಂಡಿನ ಕೆನ್ನೆಯ ಮೇಲೆ ಮಾತ್ರ ಕುಂಕುಮದ ಬೊಟ್ಟಿನಂಥ ಕೆಂಪು ಮಚ್ಚೆ. ನಮ್ಮ ಊರಿನ ಕೆರೆಯಂಚಿನ ರಾಟವಾಳಗಳ ಕುಟುಂಬಕ್ಕೇ ಇದೂ ಸೇರಿದೆ. ಪಶ್ಚಿಮದ ಸೆನೆಗಲ್‌ನಿಂದ ಪೂರ್ವ ಆಫ್ರಿಕದವರೆಗೆ ಬದುಕುವ ಈ ಹಕ್ಕಿಗೆ 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, ಅದು ಬಂಗಾಳದ್ದೆಂದು ತಪ್ಪಾಗಿ ತಿಳಿದು, ‘ಬೆಂಗಾಲಸ್’ ಎಂದು ವೈಜ್ಞಾನಿಕ ಹೆಸರಿಟ್ಟರು. ಆ ಹೆಸರು ಇಂದಿಗೂ ಹಾಗೆಯೇ ಉಳಿದಿದೆ.

ಮೊದಲ ವರ್ಷ ಏಪ್ರಿಲ್ ಮಳೆಯ ನಡುವೆ, ಒಂಟಿ ಪೊದೆಯಲ್ಲಿ ಜೋಡಿಯೊಂದು ಕಟ್ಟಿದ ಗೂಡನ್ನು ಕಂಡೆ. ಒಣಹುಲ್ಲಿನ ಉಂಡೆಯಂತಿದ್ದ ಆ ಗೂಡಿಗೆ ಪಕ್ಕದಲ್ಲಿ ಬಾಗಿಲಿತ್ತು. ಉತ್ಸಾಹದಲ್ಲಿ ದಿನವೂ ತೀರ ಹತ್ತಿರ ಹೋಗುತ್ತಿದ್ದೆ. ಒಂಬತ್ತನೆಯ ದಿನ ಗೂಡು ಹರಿದು ಕೆಳಗೆ ಬಿದ್ದಿತ್ತು. ಹಾವೋ ಬೇರೆ ಪ್ರಾಣಿಯೋ ತಿಳಿಯಲಿಲ್ಲ, ಆದರೆ ನಾನು ತುಳಿದ ಹುಲ್ಲಿನ ದಾರಿ ನೇರವಾಗಿ ಆ ಪೊದೆಗೆ ಹೋಗಿತ್ತು. ಅದನ್ನು ನೋಡಿದಾಗ ಆದ ನೋವು ಇನ್ನೂ ಮನಸ್ಸಿನಲ್ಲಿದೆ.

ಮರುವರ್ಷ ಕಂಡ ಗೂಡು ಮುಳ್ಳುಮರವೊಂದರಲ್ಲಿ, ನನ್ನ ತಲೆಗಿಂತ ಸ್ವಲ್ಪ ಮೇಲಿತ್ತು. ಅದೇ ಕೊಂಬೆಯಲ್ಲಿ ಒಂದು ಗೇಣು ದೂರದಲ್ಲಿ ಕಣಜದ ಗೂಡೂ ತೂಗುತ್ತಿತ್ತು. ಮರಿಗಳಿಗೆ ಅಪಾಯವಾದೀತೆಂದು ಭಾವಿಸಿ ಅದನ್ನು ಹೊಗೆ ಹಾಕಿ ತೆಗೆಸಲು ಹೊರಟೆ. ತೋಟ ನೋಡಿಕೊಳ್ಳುವ ಹಿರಿಯರನ್ನು ಅಲ್ಲಿಯ ರೂಢಿಯಂತೆ “ಮ್ಝೇ” ಎಂದು ಕರೆದು ಸಹಾಯ ಕೇಳಿದಾಗ, ಅವರು ತಲೆಯಲ್ಲಾಡಿಸಿ, “ಈ ಹಕ್ಕಿ ನ್ಯೀಗು ಇರುವ ಮರವನ್ನೇ ಹುಡುಕಿಕೊಂಡು ಬರುತ್ತದೆ, ಮುಟ್ಟಬೇಡಿ” ಎಂದರು. ನ್ಯೀಗು ಎಂದರೆ ಸ್ವಾಹಿಲಿಯಲ್ಲಿ ಕಣಜ. ಘಾನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಹಕ್ಕಿಯ ಬಗ್ಗೆ ಇದೇ ಮಾತನ್ನು ಹೇಳಿತ್ತೆಂದು ಆಮೇಲೆ ಓದಿ ತಿಳಿದೆ: ಕಣಜಗಳ ಪಕ್ಕದ ಗೂಡುಗಳಲ್ಲಿ ಮರಿಗಳು ಉಳಿಯುವುದು ಹೆಚ್ಚು.

ಈ ಸಲ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮನೆಯ ಗೋಡೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು ದುರ್ಬೀನಿನಿಂದ ಮಾತ್ರ ನೋಡಿದೆ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸುಮಾರು ಆರೂವರೆಗೇ ಸೂರ್ಯೋದಯವಾಗುತ್ತದೆ. ಅಲ್ಲಿಂದ ಎಂಟರವರೆಗೆ ಕುಳಿತಿರುತ್ತಿದ್ದೆ. ಉದ್ದನೆಯ ಹುಲ್ಲಿನ ಎಸಳೊಂದನ್ನು ಕೊಕ್ಕಿನ ತುದಿಯಲ್ಲಿ ಹಿಡಿದ ಗಂಡು ಹೆಣ್ಣಿನ ಪಕ್ಕದಲ್ಲಿ ಮೇಲೆ ಕೆಳಗೆ ಕುಪ್ಪಳಿಸುತ್ತ ಹಾಡುವುದನ್ನು ನೋಡಿದ್ದು ಆಗಲೇ. ಇದರ ನೀಲಿ ತಲೆಯ ಸೋದರ ಜಾತಿಯಲ್ಲಿ ಗಂಡು, ಹೆಣ್ಣು ಎರಡೂ ಹೀಗೆ ಕುಣಿಯುವಾಗ ಕಣ್ಣಿಗೆ ಕಾಣದಷ್ಟು ವೇಗವಾಗಿ ಕೊಂಬೆಯ ಮೇಲೆ ಕಾಲು ಬಡಿಯುತ್ತವೆ ಎಂಬುದು 2015ರಲ್ಲಿ ಅತಿವೇಗದ ವಿಡಿಯೊದಿಂದ ತಿಳಿದುಬಂತು. ನನ್ನ ಹಕ್ಕಿಯ ಕಾಲುಗಳಲ್ಲಿ ನನಗೆ ಕಂಡದ್ದು ಬರೀ ಕುಪ್ಪಳಿಕೆ.

ಕಾವು ಕೂರುವುದನ್ನು ಎರಡೂ ಸರದಿಯ ಮೇಲೆ ಮಾಡುತ್ತಿದ್ದವು. ಕಣಜಗಳು ಅವುಗಳ ಓಡಾಟಕ್ಕೆ ಒಮ್ಮೆಯೂ ಕೆರಳಲಿಲ್ಲ. ಹೆಚ್ಚಿನ ಹೊತ್ತು ಹಕ್ಕಿಗಳು ನೆಲದ ಮೇಲೆ ಬಿದ್ದ ಹುಲ್ಲಿನ ಬೀಜ ಹೆಕ್ಕುತ್ತಿದ್ದವು. ಮಳೆಯ ಮಾರನೆಯ ದಿನ ಗೆದ್ದಲು ಎದ್ದಾಗ ಅದನ್ನೂ ಬಿಡುತ್ತಿರಲಿಲ್ಲ.

ಮೇ ಕೊನೆಯ ವಾರದಲ್ಲಿ ಮಸುಕು ಬಣ್ಣದ ನಾಲ್ಕು ಮರಿಗಳು ಹೊರಬಂದವು. ಉಳಿದ ಹಕ್ಕಿಗಳ ಮರಿಗಳಂತೆ ಕತ್ತು ಚಾಚದೆ, ಕೊಂಬೆಗೆ ಅಂಟಿ ಕುಳಿತು, ತಲೆಯನ್ನು ತಿರುಚಿ ಕೆಳಗಿನಿಂದ ಬಾಯಿ ತೆರೆದು ಅವು ಗುಟುಕು ಬೇಡುತ್ತಿದ್ದವು. ಅವುಗಳ ಮೇಲುಗಡೆ ಕಣಜದ ಗೂಡು ಮೊದಲಿದ್ದಂತೆಯೇ ತೂಗುತ್ತಿತ್ತು.